ಸನ್‌ಗೋಲ್ಡ್ ಒಂದು ಸಾಕು, ರೋಮಾ ಎರಡಿರಲಿ

ಮನೆಯಲ್ಲಿ ಬೆಳೆಯುವ ಟೊಮೆಟೊ ತಳಿಗಳಲ್ಲಿ ಮೊದಲು ಸನ್‌ಗೋಲ್ಡ್. ಈ ಹಣ್ಣು ನಮ್ಮ ಅಡುಗೆಮನೆಯವರೆಗೆ ಬಂದದ್ದೇ ಅಪರೂಪ. ಗಿಡದ ಪಕ್ಕ ನಿಂತವರೆಲ್ಲ ಕಿತ್ತು ಬಾಯಿಗೆ ಹಾಕಿಕೊಂಡು ಮುಗಿಸುತ್ತಾರೆ. ಜಪಾನಿನ ಟೊಕಿಟಾ ಕಂಪನಿಯ ಹೈಬ್ರಿಡ್ ಚೆರಿ ಟೊಮೆಟೊ ಇದು. ಕೆಂಪಾಗಲೆಂದು ಕಾಯಬೇಡಿ, ಆಗುವುದಿಲ್ಲ. ಹಳದಿ ದಾಟಿ ಗಾಢ ಕಿತ್ತಳೆಗೆ ತಿರುಗಿದ ಮೇಲೆ ಕಿತ್ತರೆ ಮೊದಲು ಸಿಹಿ, ಬೆನ್ನಿಗೇ ಸಣ್ಣದೊಂದು ಹುಳಿ. ಅವಸರಪಟ್ಟು ಹಳದಿಯಲ್ಲೇ ಕಿತ್ತವರಿಗೆ ಆ ಸಿಹಿ ದಕ್ಕುವುದಿಲ್ಲ.

ಬೈಯಲಿಕ್ಕೂ ಕಾರಣಗಳಿವೆ. ಸಿಪ್ಪೆ ತೀರಾ ತೆಳು. ಮಣ್ಣು ಒಣಗಿಸಿಟ್ಟು ಆಮೇಲೆ ಧಾರಾಳವಾಗಿ ನೀರು ಬಿಟ್ಟರೆ, ಇಲ್ಲವೇ ಒಂದು ಜೋರು ಮಳೆ ಬಿದ್ದರೆ, ಮಾಗಿದ ಹಣ್ಣು ತೊಟ್ಟಿನ ಹತ್ತಿರ ಸೀಳಿಬಿಡುತ್ತದೆ; ಮರುದಿನ ಆ ಸೀಳಿನ ತುಂಬ ಇರುವೆ. ಎರಡು ಮೀಟರ್ ದಾಟಿದರೂ ಗಿಡ ಬೆಳೆಯುವುದನ್ನು ನಿಲ್ಲಿಸುವುದಿಲ್ಲ, ಗಟ್ಟಿ ಕೋಲು ಕೊಡದಿದ್ದರೆ ಪಕ್ಕದ ಗಿಡಗಳ ಮೇಲೆಲ್ಲ ಮಲಗುತ್ತದೆ. ಹೈಬ್ರಿಡ್ ಆದ್ದರಿಂದ ಬೀಜ ತೆಗೆದಿಟ್ಟು ಬಿತ್ತಿದರೆ ಅದೇ ರುಚಿ ಬರುತ್ತದೆಂಬ ಭರವಸೆಯಿಲ್ಲ, ಪ್ರತಿ ಸಲ ಹೊಸ ಪೊಟ್ಟಣವೇ ಆಗಬೇಕು. ಇಷ್ಟಾದರೂ ನಾನು ಕೊಳ್ಳುತ್ತೇನೆ, ಗೊಣಗಿಕೊಂಡು.

ರೋಮಾ ಇದಕ್ಕೆ ತದ್ವಿರುದ್ಧ. ಹಸಿಯಾಗಿ ತಿಂದರೆ ಸಪ್ಪೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಕೊಯ್ದು ನೋಡಿ: ದಪ್ಪ ತಿರುಳು, ಕಡಿಮೆ ಬೀಜ, ಹಲಗೆಯ ಮೇಲೆ ರಸ ಹರಿಯುವುದೇ ಇಲ್ಲ. ಒಲೆಯ ಮೇಲಿಟ್ಟರೆ ಬೇಗ ಗಟ್ಟಿಯಾಗುತ್ತದೆ. ಗಿಡ ಸುಮಾರು ಒಂದು ಮೀಟರಿಗೆ ನಿಲ್ಲುವುದರಿಂದ ದೊಡ್ಡ ಕುಂಡದಲ್ಲೂ ಬೆಳೆಯಬಹುದು. ಇಂಥ ಗಿಡ್ಡ ತಳಿಯಲ್ಲಿ ಎಲೆ ಕಾಂಡ ಸೇರುವಲ್ಲಿ ಮೂಡುವ ಕಂಕುಳ ಕುಡಿಗಳನ್ನು ಚಿವುಟಬೇಡಿ, ಚಿವುಟಿದಷ್ಟೂ ಹಣ್ಣು ಕಡಿಮೆ. ಕಾಯಿಗಳು ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುತ್ತವೆ. ಕುದಿಸಿ ಶೇಖರಿಸಿಡುವವರಿಗೆ ಅದು ಅನುಕೂಲ, ದಿನಕ್ಕೆರಡು ಬೇಕೆನ್ನುವವರಿಗೆ ತಾಪತ್ರಯ.

ರೋಮಾದ ಕಾಯಿ ತುದಿಯಲ್ಲಿ ಕಪ್ಪಾಗಿ ಕುಸಿದರೆ ಔಷಧಿ ಹುಡುಕಿಕೊಂಡು ಓಡಬೇಡಿ, ಅದು ರೋಗಾಣುವಿನ ಕೆಲಸವಲ್ಲ. ನೀರು ಒಂದು ದಿನ ಹೆಚ್ಚು, ಮೂರು ದಿನ ಇಲ್ಲ ಎಂಬಂತಾದಾಗ ಸುಣ್ಣದ ಅಂಶ ಕಾಯಿಯ ತುದಿಯವರೆಗೆ ತಲುಪುವುದಿಲ್ಲ. ಉದ್ದ ಕಾಯಿಯ ತಳಿಗಳಿಗೆ ಈ ಕಾಟ ಹೆಚ್ಚು. ಬುಡಕ್ಕೆ ಒಣ ಎಲೆ ಹೊದಿಸಿ, ನೀರನ್ನು ಹದವಾಗಿ ಕೊಟ್ಟರೆ ಮುಂದಿನ ಗೊಂಚಲು ಸರಿಹೋಗುತ್ತದೆ.

ಪೊಟ್ಟಣದ ಮೇಲೆ ‘ವಿಎಫ್’ ಎಂದಿದ್ದರೆ ವರ್ಟಿಸಿಲಿಯಂ, ಫ್ಯುಸೇರಿಯಂ ಎಂಬ ಎರಡು ಸೊರಗು ರೋಗಗಳನ್ನು ಗಿಡ ತಡೆದುಕೊಳ್ಳುತ್ತದೆ ಎಂದರ್ಥ. ಬಿಳಿ ನೊಣ ಹರಡುವ ಎಲೆ ಮುದುಡು ರೋಗಕ್ಕೆ ಈ ಅಕ್ಷರಗಳಿಂದ ಯಾವ ರಕ್ಷಣೆಯೂ ಇಲ್ಲ. ಇನ್ನು ‘60 ದಿನ’, ‘80 ದಿನ’ ಎಂದು ಬರೆದಿರುತ್ತಾರಲ್ಲ, ಅದು ಸಾಮಾನ್ಯವಾಗಿ ಸಸಿ ನಾಟಿ ಮಾಡಿದ ಮೇಲಿನ ಲೆಕ್ಕ. ಬೀಜ ಹಾಕಿ ಸಸಿ ಎದ್ದು ನಿಲ್ಲುವ ಐದಾರು ವಾರ ಬೇರೆ.

ಬ್ರಾಂಡಿವೈನ್ ಬಗ್ಗೆ ನನ್ನ ಮನಸ್ಸು ಎರಡಾಗಿದೆ. ಆಲೂಗಡ್ಡೆ ಗಿಡದ್ದರಂತೆ ಅಂಚು ನಯವಾದ ಎಲೆ, ಗುಲಾಬಿ ಬಣ್ಣದ ಹಣ್ಣು, ಒಂದೊಂದು ಅರ್ಧ ಕಿಲೋ ತೂಗುವುದೂ ಉಂಟು. ರುಚಿಯಲ್ಲಿ ಇದನ್ನು ಮೀರಿಸಿದ್ದು ನನಗೆ ಇನ್ನೂ ಸಿಕ್ಕಿಲ್ಲ. ಆದರೆ ಕಾಯಬೇಕು, ಮತ್ತು ಕಾದರೂ ಸಿಗುವುದು ಎಣಿಸಿ ನಾಲ್ಕು. ಹಗಲು 32 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಪರಾಗ ಕೆಡುತ್ತದೆ, ಹೂವು ಕಾಯಿ ಕಚ್ಚದೆ ಉದುರುತ್ತದೆ. ದೊಡ್ಡ ಹಣ್ಣಿನ ತಳಿಗಳಿಗೆ ಇದರ ಪೆಟ್ಟು ಮೊದಲು ಬೀಳುತ್ತದೆ. ಚೆರಿ ಜಾತಿಯವು ಅದೇ ಬಿಸಿಲಲ್ಲೂ ಅಷ್ಟಿಷ್ಟು ಕಾಯಿ ಹಿಡಿಯುತ್ತಿರುತ್ತವೆ. ಸುಡುವ ಬೇಸಿಗೆಯಿದ್ದಲ್ಲಿ ಬ್ರಾಂಡಿವೈನ್ ಹಾಕುವುದಾದರೆ ಬಿಸಿಲೇರುವ ಮೊದಲೇ ಕಾಯಿ ಕಟ್ಟುವ ಹಾಗೆ ಹಾಕಿ. ಕುಂಡದಲ್ಲಂತೂ ಬೇಡವೇ ಬೇಡ.

ಬ್ಲ್ಯಾಕ್ ಕ್ರಿಮ್ ಬಗ್ಗೆ ಒಂದೇ ಮಾತು. ಕಪ್ಪುಗೆಂಪು ಹಣ್ಣು, ಮಾಗಿದ ಮೇಲೂ ತೊಟ್ಟಿನ ಸುತ್ತ ಹಸಿರು ಉಳಿದಿರುತ್ತದೆ. ಆ ಹಸಿರು ಹೋಗಲಿ ಎಂದು ಗಿಡದಲ್ಲೇ ಬಿಟ್ಟರೆ ಹಣ್ಣು ಕೊಳೆಯುತ್ತದೆ. ಕೆಳಭಾಗವನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ಸ್ವಲ್ಪ ಮೆತ್ತಗಿದ್ದರೆ ಕೀಳಿ, ಅವತ್ತೇ ತಿನ್ನಿ.