1000 ವ್ಯಾಟ್ ಎಂದು ಕೊಟ್ಟ ಸೈಕಲ್ ಮೋಟಾರ್: 14 ತಿಂಗಳು ಓಡಿಸಿದ ಮೇಲೆ

ಮೈಸೂರಿನಲ್ಲಿ ನಮ್ಮ ಬಡಾವಣೆಯ ರೀವೈಂಡಿಂಗ್ ಅಂಗಡಿಯವರು ಹಳೇ 250 ವ್ಯಾಟ್ ಹಬ್ ಮೋಟಾರಿನ (ಚಕ್ರದ ನಡುವೆಯೇ ಕೂರುವಂಥದ್ದು) ತಂತಿ ಬಿಚ್ಚಿ, ತಾವೇ ಹೊಸದಾಗಿ ಸುತ್ತಿ, ನನ್ನ ಸೈಕಲ್ಲಿನ ಹಿಂಚಕ್ರಕ್ಕೆ ಕೂರಿಸಿಕೊಟ್ಟು 14 ತಿಂಗಳಾಯಿತು. ಇದುವರೆಗೆ 3,100 ಕಿ.ಮೀ. ಓಡಿದೆ. ಕೊಡುವಾಗ ಹೇಳಿದ್ದು ಮೂರು ಮಾತು: 1000 ವ್ಯಾಟ್, 45 ಸ್ಪೀಡ್, ಒಂದು ಚಾರ್ಜಿಗೆ 60 ಕಿಲೋಮೀಟರ್.

ಸ್ಪೀಡ್ ಅವರೇ ತೋರಿಸಿದ್ದರು. ಸ್ಟ್ಯಾಂಡ್ ಹಾಕಿ ಥ್ರಾಟಲ್ ತಿರುಗಿಸಿದರೆ ಮೀಟರಿನಲ್ಲಿ 44. ಸುಳ್ಳೇನಲ್ಲ, ಆದರೆ ಆಗ ಚಕ್ರ ಗಾಳಿಯಲ್ಲಿತ್ತು, ಸೀಟಿನ ಮೇಲೆ ನಾನಿರಲಿಲ್ಲ. ರಿಂಗ್ ರಸ್ತೆಯ ಸಮತಟ್ಟಿನಲ್ಲಿ ಸಿಕ್ಕಿದ್ದು 31.

ವ್ಯಾಟಿನ ವಿಷಯ ಕೆದಕಲು ಬ್ಯಾಟರಿಗೂ, ಮೋಟಾರಿಗೆ ಕರೆಂಟ್ ಅಳೆದು ಬಿಡುವ ಕಂಟ್ರೋಲರಿಗೂ ನಡುವೆ ಒಂದು ವ್ಯಾಟ್‌ಮೀಟರ್ ಹಾಕಿದೆ. ಕಂಟ್ರೋಲರ್ 15 ಆಂಪಿಯರಿಗಿಂತ ಹೆಚ್ಚು ಬಿಡುವುದೇ ಇಲ್ಲ. ಬ್ಯಾಟರಿ 36 ವೋಲ್ಟ್. ಗುಣಿಸಿದರೆ 540. ಒಳಗೆ ಹೋಗುವುದೇ ಅಷ್ಟಾದರೆ 1000 ಹೊರಗೆ ಎಲ್ಲಿಂದ ಬರಬೇಕು? ಒಂದು ಭಾನುವಾರ ಬೆಳಿಗ್ಗೆ ಪೆಡಲ್ ಮುಟ್ಟದೆ ಚಾಮುಂಡಿ ಬೆಟ್ಟ ಹತ್ತಿಸಿದೆ. ನಾನೂ ಸೈಕಲ್ಲೂ ಸೇರಿ 98 ಕೆ.ಜಿ., ಏರು ಸುಮಾರು 300 ಮೀಟರ್. ಆ ಭಾರ ಎತ್ತುವುದಕ್ಕೇ 80 ವ್ಯಾಟ್-ಅವರ್ (ಬ್ಯಾಟರಿಯಿಂದ ಖರ್ಚಾಗುವ ಶಕ್ತಿಯ ಅಳತೆ) ಬೇಕು. 25 ನಿಮಿಷದಲ್ಲಿ ಮೀಟರ್ ತೋರಿಸಿದ್ದು 165. ಮಿಕ್ಕಿದ್ದು ಟೈರು, ಗಾಳಿ, ಮತ್ತು ಬಿಸಿ. ಆ ಬಿಸಿ ಎಂಥದ್ದೆಂದರೆ ಮೇಲೆ ತಲುಪಿದಾಗ ಮೋಟಾರಿನ ಮೇಲೆ ಕೈ ಇಡಲಾಗಲಿಲ್ಲ. ಎರಡು ವಾರದಲ್ಲಿ ಒಳಗೆ ತಿರುಗುವಿಕೆ ಗುರುತಿಸುವ ಹಾಲ್ ಸೆನ್ಸರ್ ಸುಟ್ಟಿತು. ಕಾಸಿಲ್ಲದೆ ಬದಲಿಸಿಕೊಟ್ಟರು, ಅದನ್ನು ಹೇಳಲೇಬೇಕು.

"ತಂತಿಯ ಸುತ್ತು ಕಡಿಮೆ ಮಾಡಿ ದಪ್ಪ ತಂತಿ ಹಾಕಿದ್ದೇನೆ, ಅದಕ್ಕೇ ಪವರ್ ಜಾಸ್ತಿ" ಎಂಬುದು ಅಂಗಡಿಯವರ ವಾದ. ಸುತ್ತು ಕಡಿಮೆಯಾದರೆ ಚಕ್ರ ಜೋರಾಗಿ ತಿರುಗುತ್ತದೆ, ನಿಜ. ಆದರೆ ಅದೇ ಎಳೆತಕ್ಕೆ ಕರೆಂಟೂ ಹೆಚ್ಚು ಬೇಕು. ತಂತಿ ಕೂರುವ ಸಂದಿಯಲ್ಲಿ ತುಂಬುವ ತಾಮ್ರ ಅಷ್ಟೇ ಇದ್ದರೆ ಮೋಟಾರ್ ತಾಳುವ ಬಿಸಿಯೂ ಅಷ್ಟೇ.

60 ಕಿಲೋಮೀಟರ್ ಲೆಕ್ಕಕ್ಕೆ ಬೆಟ್ಟವೂ ಬೇಡ. ನನ್ನದು 10 ಆಂಪಿಯರ್-ಅವರ್ ಬ್ಯಾಟರಿ, ಅಂದರೆ 360 ವ್ಯಾಟ್-ಅವರ್. ಸಿಗ್ನಲ್ಲು, ಹಂಪುಗಳ ನಡುವೆ ಕಿಲೋಮೀಟರಿಗೆ 11 ತಿನ್ನುತ್ತದೆ. 32, 33 ಬಂದರೆ ಹೆಚ್ಚು. ತುಳಿಯುತ್ತ ಹೋದರೆ 50 ದಾಟುತ್ತದೆ, ಆದರೆ ಅದರಲ್ಲಿ ನನ್ನ ಮಂಡಿಯ ಪಾಲಿದೆ.

ಇನ್ನೊಂದು ಮಾತು. 250 ವ್ಯಾಟ್, ಗಂಟೆಗೆ 25 ಕಿ.ಮೀ. ಒಳಗಿದ್ದರೆ ಮಾತ್ರ ಇಂಥ ಗಾಡಿಗೆ ನೋಂದಣಿ, ಲೈಸೆನ್ಸ್ ಬೇಡ. ನಿಜವಾಗಿ 1000 ಇದ್ದಿದ್ದರೆ ನನಗೇ ತಲೆನೋವು. ಕಂಟ್ರೋಲರಿನ ಲಿಮಿಟ್ ವೈರ್ ಜೋಡಿಸಿ ವೇಗವನ್ನು 25ಕ್ಕೆ ಕಟ್ಟಿದ್ದೇನೆ. ಆಮೇಲೆ ಮೋಟಾರ್ ಬಿಸಿಯಾಗುವುದೂ ಕಡಿಮೆಯಾಗಿದೆ.

ಒಂದು ದಿನದ 18 ಕಿ.ಮೀ. ಓಡಾಟಕ್ಕೆ ಏನೂ ಕೊರತೆಯಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೂವರೆ ಕಳೆದದ್ದು ಆ ಮೂರು ಮಾತಿಗೆ. ಅಂಗಡಿಯವರಿಗೆ ಈ ಅಂಕಿಗಳನ್ನೆಲ್ಲ ತೋರಿಸಿದೆ. ಸುಮ್ಮನೆ ಕೇಳಿಸಿಕೊಂಡು, "ಆ ಮೀಟರ್ ಒಂದೆರಡು ದಿನ ಕೊಡಿ ಸಾರ್" ಎಂದರು. ಕೊಟ್ಟು ತಿಂಗಳಾಯಿತು.