ಸೊಳ್ಳೆ ಹೇಳಿದ ಸುಳ್ಳು: ಏಳು ವರ್ಷ ಓದಿದ ಒಂದು ಚಿತ್ರಪುಸ್ತಕ

ಮಗಳಿಗೆ ಮೂರು ವರ್ಷ ತುಂಬಿದಾಗ ಕೊಂಡ 'ವೈ ಮಸ್ಕಿಟೋಸ್ ಬಝ್ ಇನ್ ಪೀಪಲ್ಸ್ ಇಯರ್ಸ್' ಎಂಬ ಇಂಗ್ಲಿಷ್ ಚಿತ್ರಪುಸ್ತಕ ಈಗ ಅವಳ ತಮ್ಮನ ಪಾಲಿಗೆ ಬಂದಿದೆ. ಹಾಗಾಗಿ ಏಳು ವರ್ಷಗಳಿಂದ ನಾನು ಅದನ್ನು ಗಟ್ಟಿಯಾಗಿ ಓದುತ್ತಲೇ ಇದ್ದೇನೆ. ಪಶ್ಚಿಮ ಆಫ್ರಿಕಾದ ಜನಪದ ಕಥೆಯೊಂದನ್ನು ಅಮೆರಿಕದ ವೆರ್ನಾ ಆರ್ಡೆಮಾ ಇದರಲ್ಲಿ ಮತ್ತೆ ಹೇಳಿದ್ದಾರೆ, ಲಿಯೊ ಮತ್ತು ಡಯಾನ್ ಡಿಲನ್ ದಂಪತಿ ಚಿತ್ರ ಬರೆದಿದ್ದಾರೆ. 1975ರಲ್ಲಿ ಪ್ರಕಟವಾದ ಈ ಪುಸ್ತಕಕ್ಕೆ 1976ರಲ್ಲಿ, ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕದ ಚಿತ್ರಗಳಿಗೆ ಕೊಡುವ ಕ್ಯಾಲ್ಡಿಕಾಟ್ ಪದಕ ಬಂತು. ಆ ಪದಕ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಕಲಾವಿದ ಲಿಯೊ. ರಕ್ಷಾಪುಟದ ಮೇಲಿನ ಆ ಪದಕದ ಗುರುತು ನೋಡಿಯೇ ನಾನು ಕೊಂಡದ್ದು. ಇಷ್ಟು ವರ್ಷ ಅದು ಕಪಾಟು ಸೇರದೆ ಹಾಸಿಗೆಯ ಪಕ್ಕದಲ್ಲೇ ಉಳಿದದ್ದಕ್ಕೆ ಕಾರಣ ಬೇರೆ.

ರೈತನೊಬ್ಬ ಅಗೆಯುತ್ತಿದ್ದ ಗೆಣಸು ಹೆಚ್ಚುಕಡಿಮೆ ನನ್ನಷ್ಟೇ ದೊಡ್ಡದಿತ್ತು ಎಂದು ಸೊಳ್ಳೆ, ದೊಡ್ಡ ಹಲ್ಲಿಯಂಥ ಪ್ರಾಣಿಯಾದ ಇಗ್ವಾನಾದ ಮುಂದೆ ಕೊಚ್ಚಿಕೊಳ್ಳುತ್ತದೆ. ಇಂಥ ಮಾತು ಕೇಳುವುದಕ್ಕಿಂತ ಕಿವುಡಾಗಿರುವುದು ವಾಸಿಯೆಂದು ಇಗ್ವಾನಾ ಕಿವಿಗೆ ಕಡ್ಡಿ ತುರುಕಿಕೊಂಡು ಹೊರಡುತ್ತದೆ. ದಾರಿಯಲ್ಲಿ ಮಾತಾಡಿಸಿದ ಹೆಬ್ಬಾವಿಗೆ ಉತ್ತರ ಸಿಗದೆ, ಇದೇನೋ ಸಂಚಿರಬೇಕೆಂದು ಅದು ಮೊಲದ ಬಿಲಕ್ಕೆ ನುಗ್ಗುತ್ತದೆ. ಮೊಲ ಓಡುತ್ತದೆ, ಕಾಗೆ ಕೂಗುತ್ತದೆ, ಕಾಡಿಗೆಲ್ಲ ಸುದ್ದಿ ಮುಟ್ಟಿಸಲು ಹಾರಿದ ಕೋತಿಯ ಕಾಲಡಿ ಕೊಂಬೆ ಮುರಿದು ಗೂಬೆಮರಿಯೊಂದು ಸಾಯುತ್ತದೆ. ದಿನವೂ ಕೂಗಿ ಸೂರ್ಯನನ್ನು ಎಬ್ಬಿಸುತ್ತಿದ್ದ ತಾಯಿಗೂಬೆ ದುಃಖದಲ್ಲಿ ಸುಮ್ಮನಾಗುತ್ತದೆ, ಬೆಳಗೇ ಆಗುವುದಿಲ್ಲ. ಸಿಂಹರಾಜ ಸಭೆ ಕರೆದು ಒಬ್ಬೊಬ್ಬರನ್ನೇ ವಿಚಾರಿಸುತ್ತಾನೆ.

ಕಥೆಯ ಜೀವವಿರುವುದು ಈ ವಿಚಾರಣೆಯಲ್ಲಿ. ಒಂದೊಂದು ಸಾಕ್ಷಿ ಮುಗಿದಾಗಲೂ ಸಿಂಹ ಅಲ್ಲಿಯವರೆಗಿನ ತಪ್ಪಿನ ಸರಪಳಿಯನ್ನು ಮೊದಲಿನಿಂದ ಒಪ್ಪಿಸುತ್ತಾನೆ, ಪ್ರತಿಸಲವೂ ಅದಕ್ಕೊಂದು ಕೊಂಡಿ ಕೂಡುತ್ತದೆ, ಸೊಳ್ಳೆಯವರೆಗೆ ಬರುವಷ್ಟರಲ್ಲಿ ಓದುವವರ ಉಸಿರು ಕಟ್ಟುತ್ತದೆ. ಮೂರನೆಯ ರಾತ್ರಿಗೇ ಮಗಳು ಆ ಸಾಲುಗಳನ್ನು ನನಗಿಂತ ಮೊದಲು ಹೇಳತೊಡಗಿದ್ದಳು. ಹೇಳಿ ಕೇಳಿಯೇ ಬೆಳೆದ ಕಥೆಯಿದು, ಹಾಗಾಗಿ ಕಣ್ಣಿನಲ್ಲಿ ಓದಿಕೊಂಡರೆ ಸಪ್ಪೆ.

ನಾನು ಓದುವುದು ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ. ಪ್ರತಿ ಪ್ರಾಣಿಯ ನಡಿಗೆಗೂ ಪುಸ್ತಕದಲ್ಲಿ ಅದರದೇ ಸದ್ದಿದೆ. ಹೆಬ್ಬಾವಿನ 'ವಸವುಸು ವಸವುಸು' ಎಂಬುದನ್ನು ನಮ್ಮ 'ಸರಸರ'ಕ್ಕೆ ಬದಲಿಸಲು ಹೋದಾಗ ಮಗಳು ಒಪ್ಪಲಿಲ್ಲ, ಹಾಗೆಯೇ ಉಳಿಸಿದೆ. ಪದಗಳ ವಿಷಯದಲ್ಲಿ ಮಾತ್ರ ಕನ್ನಡ ಅನಿರೀಕ್ಷಿತವಾಗಿ ನೆರವಿಗೆ ಬಂತು. ಇಗ್ವಾನಾ ಎಂದರೆ ತಿಳಿಯದೆಂದು ನಾನು ಮೊದಲ ದಿನದಿಂದಲೂ 'ಉಡ' ಎಂದೇ ಓದುತ್ತಿದ್ದೆ. ಇಗ್ವಾನಾ ಅಮೆರಿಕ ಖಂಡಗಳ ಪ್ರಾಣಿ, ಪಶ್ಚಿಮ ಆಫ್ರಿಕಾದ ನದಿ ದಂಡೆಗಳಲ್ಲಿ ಇರುವುದು ಉಡದ ಜಾತಿಯದು ಎಂದು ಆಮೇಲೆ ತಿಳಿದಾಗ, ಅನುಕೂಲಕ್ಕೆಂದು ಮಾಡಿದ ಬದಲಾವಣೆಯೇ ಮೂಲಕ್ಕೆ ಹತ್ತಿರವಾಗಿತ್ತೆಂದು ಸ್ವಲ್ಪ ಹೆಮ್ಮೆಯೂ ಆಯಿತು. ಗೆಣಸಿನ ಕಥೆ ಇದಕ್ಕೆ ತಿರುಗಾಮುರುಗಾ. ಮಗಳು ಕಂಡಿದ್ದುದು ಬೇಯಿಸಿ ತಿನ್ನುವ ಸಿಹಿಗೆಣಸನ್ನು. ಅವಳಿಗೆ ಸೊಳ್ಳೆಯ ಸುಳ್ಳು ಅಂಥ ದೊಡ್ಡದೆನಿಸಿರಲಿಲ್ಲ. ನೈಜೀರಿಯಾ, ಘಾನಾಗಳಲ್ಲಿ ಬೆಳೆಯುವ ಗೆಣಸು ನಮ್ಮ ಮಲೆನಾಡಿನ ಹೆಗ್ಗೆಣಸಿನ ಕುಲದ್ದು. ಒಂದು ರಜೆಯಲ್ಲಿ ಸಾಗರದ ಹತ್ತಿರದ ಅಜ್ಜಿಮನೆಯಲ್ಲಿ ಹಾರೆ ಹಾಕಿ ಮೀಟಿ ತೆಗೆದ, ಮಣ್ಣು ಮೆತ್ತಿದ ಹೆಗ್ಗೆಣಸೊಂದನ್ನು ಎರಡೂ ಕೈಯಲ್ಲಿ ಎತ್ತಲಾರದೆ ಅವಳು ಕೂತುಬಿಟ್ಟಳು. "ಅಮ್ಮಾ, ಆ ಸೊಳ್ಳೆಗೆ ಎಷ್ಟು ಸೊಕ್ಕು!" ಎಂದಳು.

ಚಿತ್ರಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಹಗಲಿನ ಪುಟಗಳ ಹಿನ್ನೆಲೆ ಬಿಳಿ, ಸೂರ್ಯ ಮೇಲೇಳದ ಪುಟಗಳದ್ದು ಕಡುಗಪ್ಪು. ಪ್ರಾಣಿಗಳ ಮೈಯ ತುಂಡು ತುಂಡು ಆಕಾರಗಳ ನಡುವೆ ಬಿಳಿಯ ಗೆರೆ ಹಾದು, ಮೇಣ ಹಚ್ಚಿ ಬಣ್ಣ ಹಾಕಿದ ಬಾಟಿಕ್ ಬಟ್ಟೆಯಂತೆ ಕಾಣುತ್ತದೆ. ಕಥೆಯಲ್ಲಿ ಹೆಸರೇ ಇಲ್ಲದ ಪುಟ್ಟ ಕೆಂಪು ಹಕ್ಕಿಯೊಂದು ಪುಟದಿಂದ ಪುಟಕ್ಕೆ ಎಲ್ಲವನ್ನೂ ನೋಡುತ್ತಾ ಕೂತಿರುತ್ತದೆ. ಅದನ್ನು ನನಗೆ ತೋರಿಸಿಕೊಟ್ಟವಳು ಮಗಳು, ಅದೂ ಎರಡು ವರ್ಷ ಓದಿದ ಮೇಲೆ. ಅಷ್ಟು ದಿನ ನನ್ನ ಕಣ್ಣು ಅಕ್ಷರದ ಮೇಲೆಯೇ ಇತ್ತು.

ಅಸಮಾಧಾನಗಳೂ ಇವೆ. ಪಶ್ಚಿಮ ಆಫ್ರಿಕಾದ ಕಥೆ ಎಂಬುದಷ್ಟೇ ಮುಖಪುಟದ ಪರಿಚಯ. ಸೆನೆಗಲ್‌ನಿಂದ ನೈಜೀರಿಯಾದವರೆಗೆ ಹತ್ತಾರು ದೇಶ, ನೂರಾರು ಭಾಷೆಗಳಿರುವ ಪ್ರದೇಶಕ್ಕೆ ಇದೊಂದೇ ಹೆಸರು ಸಾಲದು. ಯಾವ ಜನ, ಯಾವ ನುಡಿಯಲ್ಲಿ ಹೇಳುತ್ತಿದ್ದ ಕಥೆಯೆಂಬುದು ಮುಖಪುಟದಲ್ಲೇ ಇರಬೇಕಿತ್ತು. ಇನ್ನು, ಮರಿಯ ಸಾವನ್ನು ಪುಸ್ತಕ ಮುಚ್ಚಿಡುವುದಿಲ್ಲ. ಮೂರು ವರ್ಷದ ಮಗುವಿಗೆ ಇದು ಬೇಕೇ ಎಂದು ಕೆಲವರು ಕೇಳಿದ್ದಾರೆ. ನಾನು ಆ ಪುಟ ಹಾರಿಸಲಿಲ್ಲ, ಏಕೆಂದರೆ ಮರಿ ಸಾಯದಿದ್ದರೆ ಗೂಬೆಯ ಮೌನಕ್ಕೆ ಅರ್ಥವಿಲ್ಲ. ಮಕ್ಕಳಿಬ್ಬರೂ ಅಲ್ಲಿ ಒಂದು ಕ್ಷಣ ಸುಮ್ಮನಾಗಿ ಮುಂದೆ ಹೋಗು ಎನ್ನುತ್ತಾರೆ. ನನ್ನನ್ನು ಕಾಡಿದ್ದು ತೀರ್ಪಿನ ಭಾಗ. ಎಲ್ಲರೂ ಸೊಳ್ಳೆಯನ್ನು ಶಿಕ್ಷಿಸಿ ಎಂದು ಕೂಗಿದೊಡನೆ ಗೂಬೆಗೆ ಸಮಾಧಾನವಾಗುತ್ತದೆ, ಬೆಳಗಾಗುತ್ತದೆ. ಎಲೆಯ ಮರೆಯಲ್ಲಿ ಅಡಗಿದ ಸೊಳ್ಳೆ ಸಭೆಗೆ ಬರುವುದೇ ಇಲ್ಲ. "ಅಮ್ಮಾ, ಸೊಳ್ಳೆಯನ್ನು ಯಾರೂ ಕೇಳಲೇ ಇಲ್ಲವಲ್ಲ? ಕಡ್ಡಿ ತುರುಕಿಕೊಂಡದ್ದು ಉಡದ ತಪ್ಪಲ್ಲವಾ?" ಎಂದು ಎಂಟನೆಯ ವಯಸ್ಸಿನಲ್ಲಿ ಮಗಳು ಕೇಳಿದಳು. ಆ ರಾತ್ರಿ ಓದಿದ್ದಕ್ಕಿಂತ ವಾದ ಮಾಡಿದ್ದೇ ಹೆಚ್ಚು. ಕೋತಿಯನ್ನು ಬಿಡಬಾರದೆಂಬ ನನ್ನ ಪಟ್ಟು ಅವಳಿಗೆ ಈಗಲೂ ಒಪ್ಪಿಗೆಯಿಲ್ಲ.

ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ ತೆಳು ರಟ್ಟಿನ ಪ್ರತಿ ಎರಡನೆಯ ವರ್ಷಕ್ಕೇ ಬಿಚ್ಚಿಕೊಂಡಿತು. ಬೈಂಡಿಂಗ್‌ನವರು ದಾರ ಹಾಕಿ ಹೊಲಿದ ಮೇಲೆ ನಡುಪುಟಗಳು ಪೂರ್ತಿ ಅಗಲವಾಗುವುದಿಲ್ಲ, ಎರಡು ಪುಟಕ್ಕೆ ಹರಡಿದ ಚಿತ್ರಗಳಿಗೆ ಅದು ದೊಡ್ಡ ನಷ್ಟ. ಆದ್ದರಿಂದ ಕೊಳ್ಳುವವರು ಗಟ್ಟಿ ರಟ್ಟಿನ ಪ್ರತಿಯನ್ನೇ ಹುಡುಕುವುದು ಒಳ್ಳೆಯದು. ಎಲ್ಲರಿಗೂ ಇನ್ನೂ ನನ್ನ ಮೇಲೆ ಕೋಪವಿದೆಯೇ ಎಂದು ಕಿವಿಯಲ್ಲಿ ಗುಂಯ್ಗುಟ್ಟುವ ಸೊಳ್ಳೆಗೆ ಕೊನೆಯಲ್ಲಿ ಸಿಗುವ ಉತ್ತರ ಒಂದು ಏಟು. ಆ ಏಟನ್ನು ಮಗ ದಿನವೂ ಅಂಗೈಯಿಂದ ಪುಟಕ್ಕೇ ಕೊಡುತ್ತಾನೆ. ಅವನ ಕೈಯ ಎಣ್ಣೆಜಿಡ್ಡು ಹತ್ತಿ ಅಲ್ಲಿಯ ಕಾಗದ ಈಗ ಹಿಂಬದಿಗೂ ಕಾಣುವಷ್ಟು ತೆಳುವಾಗಿದೆ.