ಬಿಸಿನೀರಿನ ಪ್ರೆಶರ್ ನೋಡಾಕ ಗೇಜು, ಲೆವೆಲ್ ಪೈಪು, ಬಕೀಟು: ಯಾವುದು ಖರೇ ಹೇಳತೈತಿ?

ಬ್ಯಾಸಗ್ಯಾಗ ನಮ್ಮ ಕೊಪ್ಪಳದಾಗ ಸಿಂಟೆಕ್ಸ್ ನೀರ ಸುಡತಿರತೈತಿ, ಗೀಸರ್ ಯಾರು ಹಚ್ತಾರ, ಅದಕ್ಕ ಬಿಸಿನೀರಿನ ನಳ ಸಣ್ಣಗ ಬರಾಕತ್ತೈತಿ ಅನ್ನೋದು ಗೊತ್ತಾಗೋದು ಚಳಿ ಬಿದ್ದಾಗನ. ಪ್ಲಂಬರ್ ಬಂದು ನಳದ ಬಾಯಿಗೆ ಹೆಬ್ಬೆಟ್ಟು ಇಟ್ಟು ನೋಡಿ, "ಪ್ರೆಶರ್ ಇಲ್ರಿ, ಪಂಪ್ ಕೂಡಿಸ್ರಿ" ಅಂದು ಹೋದ. ಹೆಬ್ಬೆಟ್ಟಿನ ಲೆಕ್ಕಕ್ಕ ಅಷ್ಟು ರೊಕ್ಕ ಹಾಕೋದು ಬ್ಯಾಡ ಅಂತ ನಾನ ಅಳದು ನೋಡ್ದೆ. ಮನಿ ಒಂದ ಅಂತಸ್ತಿಂದು, ಬೋರಿನ ನೀರು, ಬಚ್ಚಲಾಗ 25 ಲೀಟರ್ ಗೀಸರ್.

ಗೇಜು ನೋಡಾಕ ಭಾರಿ. ಅಂಗಡ್ಯಾಗ ಕೊಟ್ಟಿದ್ದು 0 ದಿಂದ 7 ಕೆಜಿದು (ಒಂದು ಚದರ ಸೆಂಟಿಮೀಟರಿಗೆ ಎಷ್ಟು ಕೆಜಿ ಒತ್ತಡ ಅನ್ನೋ ಲೆಕ್ಕ), ಶವರ್ ಬಿಚ್ಚಿ ಆ ಜಾಗದಾಗ ರಿಡ್ಯೂಸರ್ ಹಾಕಿ ಟೆಫ್ಲಾನ್ ಟೇಪು ಸುತ್ತಿ ಕೂಡಿಸಿದ್ರ ಮುಳ್ಳು ಮಿಸುಕ್ಲಿಲ್ಲ. ಮಿಸುಕೋದಾದ್ರೂ ಹೆಂಗ, 10 ಮೀಟರ್ ಎತ್ತರದ ನೀರಿಗೆ 1 ಕೆಜಿ ಪ್ರೆಶರ್, ನಮ್ಮ ಟಾಕಿ ನೀರು ಶವರಿಗಿಂತ 2 ಮೀಟರ್ ಅಷ್ಟ ಮ್ಯಾಲ, ಅಂದ್ರ 0.2 ಕೆಜಿ. ಆಮ್ಯಾಲ 0 ದಿಂದ 1 ಕೆಜಿದು ತಂದು ಹಾಕಿದ್ರ 0.2 ತೋರಿಸ್ತು, ತಣ್ಣೀರಿಗೂ ಅಷ್ಟ, ಬಿಸಿನೀರಿಗೂ ಅಷ್ಟ! ಒಂದು ಎಚ್ಚರ: ಗೇಜು ಹಾಕಿದಾಗ ಗೀಸರ್ ಹಚ್ಚಬ್ಯಾಡ್ರಿ. 25 ಡಿಗ್ರಿ ನೀರು 60ಕ್ಕ ಕಾದ್ರ 25 ಲೀಟರಿಗೆ ಒಂದು ಲೀಟರಿನ ಮೂರರಾಗ ಒಂದು ಪಾಲಿನಷ್ಟು ಹಿಗ್ಗತೈತಿ, ಗೀಸರಿಗೆ ನೀರು ಹೊಕ್ಕೋ ಕಡೆ, ನೀರು ಹಿಂದಕ್ಕ ಹೋಗದಂಗ ತಡಿಯೋ ವಾಲ್ವ್, ಅಂದ್ರ ಎನ್‌ಆರ್‌ವಿ ಇದ್ದು ನಳ ಎಲ್ಲಾ ಬಂದ್ ಇದ್ರ ಆ ನೀರಿಗೆ ಹೋಗಾಕ ದಾರಿ ಇಲ್ಲ, ಪ್ರೆಶರ್ ಏರತೈತಿ, ಸಣ್ಣ ಗೇಜು ಕೆಡತೈತಿ.

ಲೆವೆಲ್ ಪೈಪು ಅಂದ್ರ ಗೌಂಡಿಗಳ ಹತ್ರ ಇರೋ ಪಾರದರ್ಶಕ ಪೈಪು. ನಳಕ್ಕ ಕ್ಲಿಪ್ ಹಾಕಿ ಬಿಗಿದು ಕಿಂಡಿಯಾಗಿಂದ ಹಾಯಿಸಿ ಮ್ಯಾಳಗಿಗೆ ಎತ್ತಿ ಹಿಡದ್ರ ನೀರು ಟಾಕಿ ನೀರಿನ ಮಟ್ಟಕ್ಕ ನಿಂತಗೊಂತೈತಿ. ಖರ್ಚಿಲ್ಲ, ಆದ್ರ ಟಾಕಿ ಎಷ್ಟು ಎತ್ತರ ಐತಿ ಅನ್ನೋದು ಕಣ್ಣಿಗೇ ಕಾಣತಿತ್ತಲ್ರಿ.

ಇವೆರಡೂ ನಿಂತ ನೀರಿನ ಪ್ರೆಶರ್ ಹೇಳತಾವ, ಪೈಪಿನಾಗ ಸುಣ್ಣ ಕಟ್ಟಿ ಸೂಜಿಯಷ್ಟು ತೂತು ಉಳದಿದ್ರೂ ನೀರು ನಿಂತಾಗ ಅದ ಲೆಕ್ಕ ಬರತೈತಿ. ಹರಿಯೋವಾಗಿನ ಕಥಿ ಹೇಳೋದು ಬಕೀಟು. ಪೇಂಟಿನ 10 ಲೀಟರ್ ಬಕೀಟು, ಮೊಬೈಲಿನ ಸ್ಟಾಪ್‌ವಾಚು, ಮುಗೀತು. ತಣ್ಣೀರು ಒಂದು ನಿಮಿಷಕ್ಕ ತುಂಬ್ತು, ಬಿಸಿನೀರಿಗೆ ಎರಡೂವರಿ ನಿಮಿಷ ಬೇಕಾತು. ಅದ ಟಾಕಿ, ಅದ ಎತ್ತರ, ಹಂಗಿದ್ಮ್ಯಾಲ ಪಂಪ್ ಕೂಡಿಸಿ ಏನು ಮಾಡೋದು? ಬಕೀಟಿನ ಇನ್ನೊಂದು ಲಾಭ, ಎಲ್ಲಿ ಕಟ್ಟೈತಿ ಅಂತ ಹುಡುಕಬಹುದು: ಕರೆಂಟ್ ಬಂದ್ ಮಾಡಿ, ನೀರು ಆರಿದ ಮ್ಯಾಲ, ಗೀಸರಿನ ಬಿಸಿನೀರಿನ ಪೈಪು ಬಿಚ್ಚಿ ನೇರ ಬಕೀಟಿಗೆ ಬಿಡ್ರಿ. ಅಲ್ಲಿ ಜೋರು ಬಂದ್ರ ಮುಂದಿನ ಪೈಪು ಇಲ್ಲಾ ಬಿಸಿನೀರು ತಣ್ಣೀರು ಕೂಡಿಸೋ ಮಿಕ್ಸರ್ ನಳ ಕಟ್ಟೈತಿ, ಅಲ್ಲೂ ಸಣ್ಣಗ ಬಂದ್ರ ಗೀಸರಿನಾಗ ಇಲ್ಲಾ ಅದಕ್ಕೂ ಹಿಂದ. ನಮ್ಮನ್ಯಾಗ ಅಲ್ಲೂ ಸಣ್ಣಗನ ಇತ್ತು, ಎನ್‌ಆರ್‌ವಿ ಬಿಚ್ಚಿದ್ರ ತುಂಬ ಸುಣ್ಣದ ಚಕ್ಕಿ. ತೊಳದು ಹಾಕಿದ ಮ್ಯಾಲ ಬಿಸಿನೀರು 70 ಸೆಕೆಂಡಿಗೆ ತುಂಬತೈತಿ.

ಪ್ರೆಶರ್ ಪಂಪ್ ಇರೋ ಅಪಾರ್ಟ್‌ಮೆಂಟಿನವ್ರು ಗೇಜು ಇಟ್ಕೊಳ್ರಿ, ಟಾಕಿ ಎತ್ತರ ನೋಡಿ ಅಲ್ಲಿ ಲೆಕ್ಕ ಹಾಕಾಕ ಬರಂಗಿಲ್ಲ, ಗೀಸರಿನ ಚೀಟಿ ಮ್ಯಾಲ ಎಷ್ಟು ಬಾರ್ (1 ಬಾರ್ ಅಂದ್ರ ಹೆಚ್ಚೂಕಡಿಮಿ 1 ಕೆಜಿ ಪ್ರೆಶರ್) ಅಂತ ಬರದಿರತೈತಿ, ಅದನ್ನ ದಾಟಬಾರದು. ಮ್ಯಾಳಗಿ ಟಾಕಿಯವ್ರಿಗೆ ಬಕೀಟು ಸಾಕು.